ಶಿರಾಡಿ ಘಾಟಿಯಲ್ಲಿ ಮಿಸ್ಸಿಂಗ್, ಮನೆ ಮುಂದೆ ನಾಲ್ಕು ಪ್ಲಗ್

ಗುಂಡ್ಯ ದಾಟಿ ಸಕಲೇಶಪುರದ ಕಡೆ ಘಾಟಿ ಹತ್ತುತ್ತಿದ್ದೆ. ಮುಂದೆ ಒಂದು ಗ್ಯಾಸ್ ಟ್ಯಾಂಕರ್. ರಸ್ತೆ ಖಾಲಿ ಕಂಡ ಕಡೆ ಮೂರನೇ ಗೇರ್‌ಗೆ ಇಳಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಟರ್ಬೊ ಶಿಳ್ಳೆ ಕೇಳಿಸಿತು. ಕಾರು ಚಿಮ್ಮಬೇಕಾದ ಹೊತ್ತಿಗೆ ಸರಿಯಾಗಿ ಕೆಮ್ಮತೊಡಗಿತು. ಡಬ್, ಡಬ್, ಡಬ್. ಎಂಜಿನ್ ದೀಪ ಮಿಣುಕಿತು. ಕಾಲು ತೆಗೆದೆ, ಕೆಮ್ಮು ನಿಂತಿತು. ಮತ್ತೆ ಒತ್ತಿದೆ, ಮತ್ತೆ ಕೆಮ್ಮು. ಆಮೇಲೆ ಆಸೆ ಬಿಟ್ಟು ಟ್ಯಾಂಕರ್ ಹಿಂದೆಯೇ ಸಕಲೇಶಪುರದವರೆಗೆ ತೆವಳಿಕೊಂಡು ಬಂದೆ.

ಎಂಜಿನ್ ದೀಪ ಸುಮ್ನೆ ಉರಿಯುತ್ತಿದ್ದರೆ ನಾಳೆ ನೋಡೋಣ ಅನ್ನಬಹುದು. ಮಿಣುಕಿದರೆ ಹಾಗಲ್ಲ. ಸಿಲಿಂಡರ್‌ನಲ್ಲಿ ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಅದನ್ನೇ ಸುಟ್ಟುಹಾಕುತ್ತದೆ. ಆ ಭಾಗದ ಬೆಲೆ ಒಮ್ಮೆ ವಿಚಾರಿಸಿದವರು ಮಿಣುಕುವ ದೀಪ ನೋಡಿಕೊಂಡು ಕಾಲು ಒತ್ತುವುದಿಲ್ಲ.

ಕಾರಿನ ವಿಷಯ ಸ್ವಲ್ಪ. 1.4 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಪೆಟ್ರೋಲ್. ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಗೊಂಡದ್ದು, ಘಾಟಿಯಲ್ಲಿ ಕೆಮ್ಮಿದಾಗ 71,000 ಕಿ.ಮೀ. ಆಗಿತ್ತು. ಹಿಂದಿನ ಓನರ್ ಒಂದು ಸಣ್ಣ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದ್ದರು. ಅಂದರೆ ಟರ್ಬೊ ಎಂಜಿನ್ನೊಳಗೆ ಗಾಳಿ ತಳ್ಳುವ ಒತ್ತಡ, ಬೂಸ್ಟ್, ಕಂಪನಿ ಕೊಟ್ಟದ್ದಕ್ಕಿಂತ ಸ್ವಲ್ಪ ಜಾಸ್ತಿ. ಕಂಪನಿ ಹೆಸರು ಬೇಡ ಬಿಡಿ. ತಪ್ಪು ಕಾರಿನದಲ್ಲ, ಅದರೊಳಗೆ ಕೂತು ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್‌ಗಳದ್ದು. ಅದು ಗೊತ್ತಾಗಲು ನನಗೆ ಎರಡು ಭಾನುವಾರ ಬೇಕಾಯಿತು.

ಬೆಂಗಳೂರಿಗೆ ಬಂದು ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಪಿ0302. ಇಂಥ ಕೋಡ್‌ನಲ್ಲಿ ಕೊನೆಯ ಅಂಕಿ ಸಿಲಿಂಡರ್ ನಂಬರ್. ಎರಡನೇ ಸಿಲಿಂಡರ್‌ನಲ್ಲಿ ಮಿಸ್ಸಿಂಗ್, ಅಂದರೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಗೆಳೆಯರ ಗುಂಪಿನಲ್ಲಿ ಕೇಳಿದರೆ ಒಂದೇ ಉತ್ತರ: "ಕಾಯಿಲ್ ಹೋಗಿದೆ ಗುರು, ಬೇರೆ ಹಾಕ್ಸು."

ಪ್ರತಿ ಪ್ಲಗ್ ಮೇಲೂ ಕೂತು ಅದಕ್ಕೆ ಹೈ ವೋಲ್ಟೇಜ್ ಕೊಡುವುದು ಕಾಯಿಲ್. ಹೊಸದು ಹಾಕಿಸುವ ಮುಂಚೆ ದುಡ್ಡು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಎರಡನೇ ಸಿಲಿಂಡರ್‌ನ ಕಾಯಿಲ್ ತೆಗೆದು ನಾಲ್ಕಕ್ಕೆ ಹಾಕಿ, ನಾಲ್ಕರದ್ದು ಎರಡಕ್ಕೆ. ಕೋಡ್ ಅಳಿಸಿ ಒಂದು ಸುತ್ತು ಓಡಿಸಿ. ಕೋಡ್ ಕಾಯಿಲ್ ಜೊತೆ ನಾಲ್ಕಕ್ಕೆ ಹೋದರೆ ತಪ್ಪು ಕಾಯಿಲ್‌ನದು. ಎರಡರಲ್ಲೇ ಉಳಿದರೆ ಪ್ಲಗ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಅಥವಾ ಇನ್ನೇನೋ. ಹಾಗೇ ಮಾಡಿದೆ. ತುಮಕೂರು ರಸ್ತೆಯಲ್ಲಿ ಒಂದು ರೌಂಡ್ ಹೊಡೆದು ಬಂದು ಓದಿದರೆ ಪಿ0304. ಸರಿ, ಕಾಯಿಲ್ ಅಂದುಕೊಳ್ಳುವಷ್ಟರಲ್ಲಿ ಅದರ ಕೆಳಗೇ ಪಿ0302. ಎರಡೂ ಬಂದಿತ್ತು! ತಲೆ ಕೆಟ್ಟಿತು. ಒಂದು ರೋಗ ಎರಡಾಗಿದ್ದು ಹೇಗೆ?

ಪ್ಲಗ್ ಬಿಚ್ಚದೆ ಇದು ಬಗೆಹರಿಯುವುದಿಲ್ಲ ಅಂತ ಮರುದಿನ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಕೂತೆ. ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯುಮಿನಿಯಂ. ಬಿಸಿ ಇರುವಾಗ ಪ್ಲಗ್ ತಿರುಗಿಸಿದರೆ ಥ್ರೆಡ್ಡೂ ಅದರ ಜೊತೆ ಬರಬಹುದು. ಕಾಯಿಲ್ ಎತ್ತಿದ ಕೂಡಲೇ ಪಾನಾ ಇಳಿಸಬಾರದು ಕೂಡ. ಪ್ಲಗ್ ಕೂತಿರುವ ಬಾವಿಯಲ್ಲಿ ಮರಳು, ಧೂಳು, ಒಣಗಿದ ಎಲೆ ಎಲ್ಲಾ ಇರುತ್ತದೆ. ಪ್ಲಗ್ ತೆಗೆದರೆ ಅದೆಲ್ಲಾ ನೇರ ಪಿಸ್ಟನ್ ಮೇಲೆ. ಮಗನ ಸೈಕಲ್ ಪಂಪ್ ತಂದು ನಾಲ್ಕೂ ಬಾವಿಗೆ ಗಾಳಿ ಹೊಡೆದೆ. ಆಮೇಲೆ 16 ಮಿ.ಮೀ. ಪ್ಲಗ್ ಪಾನಾ, ಒಳಗೆ ರಬ್ಬರ್ ಇರುವಂಥದ್ದು.

ಬಂದ ನಾಲ್ಕನ್ನೂ ಹಳೇ ಪೇಪರ್ ಮೇಲೆ 1, 2, 3, 4 ಅಂತ ಬರೆದು ಸಾಲಾಗಿ ಇಟ್ಟೆ. ಇದನ್ನು ಮಾತ್ರ ಮರೆಯಬೇಡಿ. ಪ್ಲಗ್ ಕಲೆಸಿಹೋದರೆ ಅವು ಹೇಳುವ ಕಥೆಯೂ ಕಲೆಸಿಹೋಗುತ್ತದೆ.

ನಾಲ್ಕರಲ್ಲೂ ಬಿಳಿ ಪಿಂಗಾಣಿ ಲೋಹಕ್ಕೆ ಸೇರುವ ಜಾಗದಲ್ಲಿ ಕಂದು ಬಣ್ಣದ ಒಂದು ಉಂಗುರ. ಇದನ್ನು ನೋಡಿ "ಗ್ಯಾಸ್ ಲೀಕ್ ಆಗ್ತಿದೆ" ಅಂತ ಪ್ಲಗ್ ಎಸೆಯುವವರಿದ್ದಾರೆ. ಅದು ಲೀಕ್ ಅಲ್ಲ. ಹೈ ವೋಲ್ಟೇಜ್ ಸುತ್ತ ಗಾಳಿಯಲ್ಲಿರುವ ಎಣ್ಣೆಯ ಕಣಗಳು ಬಂದು ಅಂಟಿಕೊಂಡ ಕಲೆ. ಕೊರೋನಾ ಕಲೆ ಅಂತಾರೆ, ವೈರಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಅದರಿಂದ ಏನೂ ತೊಂದರೆಯೂ ಇಲ್ಲ.

ಆದರೆ ಎರಡನೇ ಪ್ಲಗ್‌ನಲ್ಲಿ ಇನ್ನೊಂದು ಇತ್ತು. ಬಿಸಿಲಿಗೆ ಹಿಡಿದು ತಿರುಗಿಸಿದಾಗ ಪಿಂಗಾಣಿಯ ಮೇಲೆ ಮೇಲಿಂದ ಕೆಳಕ್ಕೆ ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಗೆರೆ. ಪೆನ್ಸಿಲ್‌ನಲ್ಲಿ ಎಳೆದ ಹಾಗೆ. ಉಗುರಿನಿಂದ ಕೆರೆದರೂ ಹೋಗಲಿಲ್ಲ. ಆಗ ಮೊದಲು ಎರಡರಲ್ಲಿದ್ದ ಕಾಯಿಲ್‌ನ ರಬ್ಬರ್ ಬೂಟ್ (ಪ್ಲಗ್ ಮೇಲೆ ಕೂರುವ ಕೊಳವೆ) ಕಳಚಿ ಒಳಗೆ ಟಾರ್ಚ್ ಬಿಟ್ಟೆ. ಅಲ್ಲೂ ಅದೇ ಗೆರೆ, ಇದರ ನೆರಳಿನ ಹಾಗೆ.

ಎರಡು ಕೋಡ್ ಬಂದದ್ದು ಯಾಕೆ ಅಂತ ಆಗ ಗೊತ್ತಾಯಿತು. ಕಿಡಿ ಪ್ಲಗ್ ತುದಿಯಲ್ಲಿ ಹಾರುವ ಬದಲು ಪಿಂಗಾಣಿಯ ಹೊರಮೈ ಹಿಡಿದು ಹೆಡ್‌ಗೆ ಇಳಿದಿದೆ. ಇಳಿದ ದಾರಿಯಲ್ಲಿ ಇಂಗಾಲದ ಗೆರೆ ಬಿದ್ದಿದೆ. ಒಮ್ಮೆ ಗೆರೆ ಬಿತ್ತು ಅಂದರೆ ಅದು ಕಿಡಿಗೆ ಹೈವೇ ಇದ್ದ ಹಾಗೆ, ಮತ್ತೆ ಮತ್ತೆ ಅಲ್ಲೇ ಓಡುತ್ತದೆ. ಗೆರೆ ಬಿದ್ದ ಬೂಟ್ ನಾಲ್ಕಕ್ಕೆ ಹೋದಾಗ ನಾಲ್ಕು ಕೆಮ್ಮಿತು. ಗೆರೆ ಬಿದ್ದ ಪ್ಲಗ್ ಎರಡರಲ್ಲೇ ಉಳಿದಿದ್ದರಿಂದ ಎರಡನೆಯದೂ ಕೆಮ್ಮಿತು. ಕಾಯಿಲ್ ಚೆನ್ನಾಗಿಯೇ ಇತ್ತು. ಬೂಟ್ ಮಾತ್ರ ಬದಲಾಯಿಸಿದರೆ ಸಾಕು, ಕಾಯಿಲ್‌ನ ಬೆಲೆಯಲ್ಲಿ ಚಿಲ್ಲರೆ ಕಾಸು. ಪ್ಲಗ್ ಒಂದನ್ನೇ ಬದಲಿಸಿ ಬೂಟ್ ಹಾಗೇ ಬಿಟ್ಟರೆ ಮಾತ್ರ ಹೊಸ ಪ್ಲಗ್ ಮೇಲೂ ಕೆಲವೇ ದಿನದಲ್ಲಿ ಗೆರೆ ಬೀಳುತ್ತದೆ.

ಸರಿ, ಕಿಡಿ ದಾರಿ ತಪ್ಪಿದ್ದು ಯಾಕೆ? ಉತ್ತರ ಪ್ಲಗ್ ಮೇಲೇ ಅಚ್ಚಾಗಿತ್ತು. ಎನ್‌ಜಿಕೆ ಕಂಪನಿಯ ಪ್ಲಗ್, ನಂಬರ್ ಬಿಕೆಆರ್6ಇ-11.

ಈ ನಂಬರ್ ಓದಲು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಮೊದಲ ಬಿಕೆ ಅಂದರೆ 14 ಮಿ.ಮೀ. ಥ್ರೆಡ್, 16 ಮಿ.ಮೀ. ಪಾನಾ. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ, ಇಲ್ಲದಿದ್ದರೆ ರೇಡಿಯೊ, ಎಂಜಿನ್ ಕಂಪ್ಯೂಟರ್ ಎಲ್ಲಕ್ಕೂ ಕಿರಿಕಿರಿ. 6 ಅನ್ನೋದು ಹೀಟ್ ರೇಂಜ್, ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಅನ್ನುವ ಅಂಕಿ. ಇ ಅಂದರೆ ಥ್ರೆಡ್ ಉದ್ದ 19 ಮಿ.ಮೀ. ಕೊನೆಯ 11 ಅಂದರೆ ಗ್ಯಾಪ್ (ಕಿಡಿ ಹಾರುವ ಎರಡು ತುದಿಗಳ ನಡುವಿನ ಸಂದು) 1.1 ಮಿ.ಮೀ. ನನ್ನ ಕಾರಿನ ಪುಸ್ತಕದಲ್ಲಿ ಇದ್ದದ್ದು ಹೀಟ್ ರೇಂಜ್ 7, ಗ್ಯಾಪ್ 0.7ರಿಂದ 0.8. ಥ್ರೆಡ್, ಉದ್ದ, ಪಾನಾ ಎಲ್ಲಾ ಒಂದೇ, ಹಾಗಾಗಿ ಸಲೀಸಾಗಿ ಕೂತಿದೆ. ಟರ್ಬೊ ಇಲ್ಲದ ಎಂಜಿನ್‌ಗೆ ಹಾಕುವ ಪ್ಲಗ್ಗನ್ನು ಯಾರೋ ಇದಕ್ಕೆ ಹಾಕಿದ್ದಾರೆ. ಸಂದು ಅಳೆಯುವ ಫೀಲರ್ ಗೇಜ್ ಹಾಕಿ ನೋಡಿದರೆ ಸವೆದು ಸವೆದು ಎರಡನೆಯದರ ಗ್ಯಾಪ್ 1.25 ಆಗಿತ್ತು. ಉಳಿದವು 1.2ರ ಆಸುಪಾಸು.

ಗ್ಯಾಪ್ ಇಷ್ಟಿದ್ದರೆ ಏನಾಗುತ್ತದೆ? ಪ್ಲಗ್ಗನ್ನು ಹೊರಗೆ ತೆಗೆದು ಬಾಡಿಗೆ ಮುಟ್ಟಿಸಿ ಕಿಡಿ ನೋಡುತ್ತಾರಲ್ಲ, ಅಲ್ಲಿ ಬಯಲಿನ ಗಾಳಿ. ಕಿಡಿ ಆರಾಮಾಗಿ ಹಾರುತ್ತದೆ. ಸಿಲಿಂಡರ್ ಒಳಗೆ ಗಾಳಿ ಒತ್ತಿ ದಟ್ಟವಾಗಿರುತ್ತದೆ. ಟರ್ಬೊ ಬಂದರೆ ಇನ್ನೂ ದಟ್ಟ. 0.8 ಬಾರ್ ಬೂಸ್ಟ್ ಅಂದರೆ ಒಳಗೆ ಹೋಗುವ ಗಾಳಿ ಟರ್ಬೊ ಇಲ್ಲದಾಗಿನ ದುಪ್ಪಟ್ಟಿನ ಹತ್ತಿರ. ಕಿಡಿ ಹಾರಲು ಬೇಕಾದ ವೋಲ್ಟೇಜ್ ಎರಡರಿಂದ ಏರುತ್ತದೆ, ಗಾಳಿಯ ಒತ್ತಡದಿಂದ ಮತ್ತು ಗ್ಯಾಪ್‌ನಿಂದ. ಎರಡೂ ಜಾಸ್ತಿಯಾದರೆ ಕಾಯಿಲ್ ಕೈಚೆಲ್ಲುತ್ತದೆ, ಇಲ್ಲವೇ ಆ ವೋಲ್ಟೇಜ್ ಸುಲಭದ ದಾರಿ ಹುಡುಕುತ್ತದೆ. ನನ್ನ ಕಾರಿನಲ್ಲಿ ಸಿಕ್ಕ ಸುಲಭದ ದಾರಿ ಆ ಪೆನ್ಸಿಲ್ ಗೆರೆ. ಐಡ್ಲಿಂಗ್‌ನಲ್ಲಿ, ಸಿಟಿಯಲ್ಲಿ ನಿಧಾನ ಓಡಿಸುವಾಗ ಏನೂ ಗೊತ್ತಾಗದೆ ಘಾಟಿಯಲ್ಲಿ ಮಾತ್ರ ಕೆಮ್ಮಿದ್ದು ಇದಕ್ಕೇ.

ದೊಡ್ಡ ಗ್ಯಾಪ್ ಕೆಟ್ಟದ್ದು ಅಂತಲ್ಲ. ಕಿಡಿ ಉದ್ದ ಇದ್ದಷ್ಟೂ ಮಿಶ್ರಣ ಚೆನ್ನಾಗಿ ಹೊತ್ತಿಕೊಳ್ಳುತ್ತದೆ, ಐಡ್ಲಿಂಗ್ ನಯ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ 1.1 ಸರಿಯಾಗೇ ಇದೆ. ಟರ್ಬೊದಲ್ಲಿ ಆ ಸುಖ ಸ್ವಲ್ಪ ಬಿಟ್ಟುಕೊಡಬೇಕು.

ಶನಿವಾರ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡ್‌ಗೆ ಹೋದೆ. ಒಂದು ಅಂಗಡಿಯಲ್ಲಿ ನಂಬರ್ ಹೇಳುವ ಮುಂಚೆಯೇ ಡಬ್ಬ ಕೌಂಟರ್ ಮೇಲೆ ಬಂತು.

"ಇದು ಹಾಕ್ಕೊಳಿ ಸಾರ್, ಇರಿಡಿಯಂ. ಪಿಕಪ್ ಸೂಪರ್ ಆಗತ್ತೆ."

ತಿರುಗಿಸಿ ನೋಡಿದರೆ ಬಿಕೆಆರ್6ಇಐಎಕ್ಸ್-11. ಮತ್ತದೇ 6, ಮತ್ತದೇ 11. ಇರಿಡಿಯಂ ಅನ್ನುವ ಅಂಗಿ ಮಾತ್ರ ಹೊಸದು.

"ಇದು ಟರ್ಬೊ ಗಾಡಿ ಅಣ್ಣ. 7 ಬೇಕು, ಕೊನೇಲಿ 11 ಇರಬಾರದು."

"ಎಲ್ಲಾ ಒಂದೇ ಸಾರ್. ಥ್ರೆಡ್ ಕೂತ್ರೆ ಆಯ್ತು."

ಹಿಂದಿನ ಓನರ್‌ಗೂ ಯಾರೋ ಇದೇ ಮಾತು ಹೇಳಿರಬೇಕು. ನಾಲ್ಕನೇ ಅಂಗಡಿಯಲ್ಲಿ ಬಿಕೆಆರ್7ಇಐಎಕ್ಸ್ ಸಿಕ್ಕಿತು. ಬಾಲ ಇಲ್ಲದ ಈ ನಂಬರ್‌ಗೆ ಡಬ್ಬದಿಂದ ಬರುವಾಗ ಗ್ಯಾಪ್ 0.8.

ಆ ಅಂಗಡಿಯವರು ವಯಸ್ಸಾದವರು. ಬೇರೆ ಕಂಪನಿ ಪ್ಲಗ್ ತಗೊಂಡರೆ ಹೀಟ್ ರೇಂಜ್ ಅಂಕಿ ಹಾಗೇ ಹೋಲಿಸಬೇಡಿ ಅಂತ ಅವರೇ ಹೇಳಿದರು. ಅದು ಸರಿ. ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ಕೋಲ್ಡ್, ಅಂದರೆ ಬಿಸಿ ಬೇಗ ಬಿಡುವ ಪ್ಲಗ್. ಡೆನ್ಸೊದಲ್ಲೂ ಹಾಗೇ, ಆದರೆ ಅಂಕಿಗಳೇ ಬೇರೆ: ಎನ್‌ಜಿಕೆ 6 ಅಂದರೆ ಡೆನ್ಸೊ 20, 7 ಅಂದರೆ 22, 8 ಅಂದರೆ 24. ಬಾಷ್‌ನಲ್ಲಿ ಪೂರ್ತಿ ಉಲ್ಟಾ. ಅಂಕಿ ಇಳಿದಷ್ಟೂ ಕೋಲ್ಡ್. ಬಾಷ್ 7 ಅಂದರೆ ಸುಮಾರು ಎನ್‌ಜಿಕೆ 6. "7 ಕೊಡಿ" ಅಂತ ಸುಮ್ನೆ ಕೇಳಿ ಬಾಷ್ ತಗೊಂಡು ಬಂದಿದ್ದರೆ ನಾನು ಹೊರಟ ಜಾಗಕ್ಕೇ ವಾಪಸ್.

ಬಾಷ್ ಅಂದ ಕೂಡಲೇ ನೆನಪಾಯಿತು. ನಮ್ಮಪ್ಪ ಯಾವತ್ತೂ ಸ್ಪಾರ್ಕ್ ಪ್ಲಗ್ ಅಂದವರಲ್ಲ, ಅವರ ಬಾಯಲ್ಲಿ ಅದು 'ಮೈಕೋ ಪ್ಲಗ್'. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಬೇರೂರಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯೇ ಮೈಕೋ. ಬಾಷ್ ಕೈಯಲ್ಲಿದ್ದ ಕಂಪನಿ ಅದು, 2008ರಲ್ಲಿ ಹೆಸರೂ ಬಾಷ್ ಆಯಿತು. ಬೆಂಗಳೂರಿನಲ್ಲಿ ಮೈಕೋ ಲೇಔಟ್ ಇನ್ನೂ ಮೈಕೋ ಲೇಔಟೇ.

ಇನ್ನು ಇರಿಡಿಯಂ ಬೇಕಾ, ಸಾದಾ ನಿಕ್ಕಲ್ ಸಾಕಾ? ಸಾದಾ ಪ್ಲಗ್ಗನ್ನು ಎಲ್ಲರೂ ಕಾಪರ್ ಪ್ಲಗ್ ಅಂತಾರೆ. ತಾಮ್ರ ಇರುವುದು ಒಳಗಿನ ತಿರುಳಿನಲ್ಲಿ, ಅದು ಇರಿಡಿಯಂ ಪ್ಲಗ್‌ನಲ್ಲೂ ಇರುತ್ತದೆ. ಕಿಡಿ ಹಾರುವ ತುದಿ ನಿಕ್ಕಲ್ ಮಿಶ್ರಲೋಹ. ಅದು ಸುಮಾರು 2.5 ಮಿ.ಮೀ. ದಪ್ಪ. ಇರಿಡಿಯಂ 2,400 ಡಿಗ್ರಿ ದಾಟಿದ ಮೇಲೆ ಕರಗುವ ಲೋಹ, ನಿಕ್ಕಲ್ 1,455ಕ್ಕೇ. ಹಾಗಾಗಿ ಇರಿಡಿಯಂ ತುದಿಯನ್ನು 0.6 ಮಿ.ಮೀ.ಗೆ ಇಳಿಸಿದರೂ ಸವೆಯದೆ ನಿಲ್ಲುತ್ತದೆ. ತುದಿ ಚೂಪಾದಷ್ಟೂ ಕಿಡಿಗೆ ಬೇಕಾದ ವೋಲ್ಟೇಜ್ ಕಡಿಮೆ. ಟರ್ಬೊಗೆ ಇರಿಡಿಯಂ ಒಳ್ಳೆಯದು ಅನ್ನುವುದು ಇದಕ್ಕೆ, ಪಿಕಪ್‌ಗಲ್ಲ. ಪ್ಲಗ್ ಬದಲಿಸಿದರೆ ಹೊಸದಾಗಿ ಶಕ್ತಿ ಬರುವುದಿಲ್ಲ, ಕಳೆದುಹೋಗಿದ್ದು ವಾಪಸ್ ಬರುತ್ತದೆ ಅಷ್ಟೇ. ಹತ್ತು ಹದಿನೈದು ಸಾವಿರ ಕಿಲೋಮೀಟರಿಗೊಮ್ಮೆ ಬಿಚ್ಚಿ ಹಾಕುವ ಉತ್ಸಾಹ ಇದ್ದರೆ ನಿಕ್ಕಲ್ಲೇ ಸಾಕು. ನನಗೆ ಆ ಉತ್ಸಾಹ ಎರಡನೇ ಸಲಕ್ಕೆ ಇರುವುದಿಲ್ಲ ಅಂತ ಗೊತ್ತು.

ನಕಲಿ ಪ್ಲಗ್ ಹಾವಳಿಯೂ ಇದೆ. ದಪ್ಪ ಅಳೆಯುವ ವರ್ನಿಯರ್ ಜೇಬಲ್ಲೇ ಇತ್ತು. ಅಂಗಡಿ ಮುಂದೆ ನಿಂತು ನಾಲ್ಕರ ತುದಿಯೂ 0.6 ಇದೆಯಾ ಅಂತ ಮುಟ್ಟಿಯೂ ಮುಟ್ಟದ ಹಾಗೆ ಅಳೆದೆ. ಅಂಗಡಿಯವರು ಬೇಜಾರು ಮಾಡಿಕೊಳ್ಳಲಿಲ್ಲ, "ನೋಡ್ಕೊಳಿ ನೋಡ್ಕೊಳಿ" ಅಂದರು.

ಮನೆಗೆ ಬಂದು ಗ್ಯಾಪ್ 0.8ರಿಂದ 0.7ಕ್ಕೆ ಇಳಿಸಿದೆ. ರೀಮ್ಯಾಪ್ ಆದ ಕಾರು, ಕಾಯಿಲ್ ಹಳೆಯದು, ಅದಕ್ಕೆ. ಇದು ನಾಜೂಕಿನ ಕೆಲಸ. ಬಗ್ಗಿಸಬೇಕಾದ್ದು ಪಕ್ಕದ ಕೊಕ್ಕೆಯನ್ನು ಮಾತ್ರ. ನಡುವಿನ ಇರಿಡಿಯಂ ತುದಿಗೆ ಏನನ್ನೂ ಆನಿಸಿ ಮೀಟಬಾರದು, ಸೂಜಿ ಮುರಿದ ಹಾಗೆ ಮುರಿಯುತ್ತದೆ. ಕಾಸಿನ ಆಕಾರದ ಅಗ್ಗದ ಗೇಜ್ ಬರುತ್ತದಲ್ಲ, ತುದಿಗಳ ನಡುವೆ ತೂರಿಸಿ ತಿರುಗಿಸುವುದು, ಅದನ್ನು ಇರಿಡಿಯಂ ಹತ್ತಿರ ತರಲೇಬೇಡಿ. ಮೂರು ಪ್ಲಗ್ ಚೆನ್ನಾಗಿ ಮುಗಿಯಿತು. ನಾಲ್ಕನೆಯದು ಕೈ ಜಾರಿ ಗ್ರಾನೈಟ್ ಮೆಟ್ಟಿಲ ಮೇಲೆ ಟಣ್ ಅಂತ ಬಿತ್ತು. ನೋಡಲು ಏನೂ ಆಗಿರಲಿಲ್ಲ. ಆದರೆ ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಬಂದಿದ್ದರೆ ಕಿಡಿಗೆ ಮತ್ತೊಂದು ಅಡ್ಡದಾರಿ. ಅದನ್ನು ಪಕ್ಕಕ್ಕಿಟ್ಟು ಸೋಮವಾರ ಮತ್ತೆ ಜೆ.ಸಿ. ರೋಡ್. ಅಂಗಡಿಯವರು ನನ್ನ ಮುಖ ನೋಡಿ ನಕ್ಕರು. "ಬೀಳಿಸಿದ್ರಾ?"

ಹಾಕುವ ಕ್ರಮ ಸುಲಭ. ಪ್ಲಗ್‌ನ ಮೇಲ್ತುದಿಗೆ ಒಂದು ರಬ್ಬರ್ ಪೈಪ್ ತುಂಡು ಸಿಕ್ಕಿಸಿ ಬಾವಿಗೆ ಇಳಿಸಿ ಬೆರಳಲ್ಲೇ ತಿರುಗಿಸಿ. ಥ್ರೆಡ್ ಅಡ್ಡ ಹೋದರೆ ಪೈಪ್ ಜಾರುತ್ತದೆ, ಹೆಡ್ ಹಾಳಾಗುವುದಿಲ್ಲ. ಕೊನೆಗೆ ಎಷ್ಟು ಬಿಗಿ ಅಂತ ತೋರಿಸುವ ಟಾರ್ಕ್ ರೆಂಚ್, 25 ನ್ಯೂಟನ್ ಮೀಟರ್. ನಮ್ಮ ಏರಿಯಾ ಮೆಕ್ಯಾನಿಕ್ ಹತ್ತಿರ ಫೀಲರ್ ಗೇಜ್ ಜೊತೆ ಅದನ್ನೂ ಕೇಳಿ ತಂದಿದ್ದೆ. ರೆಂಚ್ ಇಲ್ಲದಿದ್ದರೆ, ವಾಷರ್ ಇರುವ 14 ಮಿ.ಮೀ. ಹೊಸ ಪ್ಲಗ್‌ಗೆ ಕೈಯಲ್ಲಿ ಕೂತ ಮೇಲೆ ಅರ್ಧದಿಂದ ಮುಕ್ಕಾಲಿಗಿಂತ ಸ್ವಲ್ಪ ಕಮ್ಮಿ ಸುತ್ತು. ಒಮ್ಮೆ ಬಳಸಿದ ಪ್ಲಗ್ ವಾಪಸ್ ಹಾಕುವಾಗ ಅಷ್ಟು ಬೇಡ. ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ. ಗಡಿಯಾರದ ಮುಳ್ಳು 12ರಿಂದ 1ಕ್ಕೆ ಹೋದಷ್ಟು ಸಾಕು. ಸಡಿಲ ಬಿಡುವುದೂ ತಪ್ಪು. ಪ್ಲಗ್ ತನ್ನ ಬಿಸಿಯನ್ನು ಹೆಡ್‌ಗೆ ದಾಟಿಸುವುದು ಥ್ರೆಡ್ ಮತ್ತು ವಾಷರ್ ಮೂಲಕ. ಸಡಿಲ ಇದ್ದರೆ 7ರ ಪ್ಲಗ್ ಕೂಡ ಕೆಂಡವಾಗುತ್ತದೆ.

ಥ್ರೆಡ್‌ಗೆ ಕಾಪರ್ ಗ್ರೀಸ್ ಹಚ್ಚುವ ಅಭ್ಯಾಸ ನನಗೂ ಇತ್ತು. ಎನ್‌ಜಿಕೆಯವರೇ ಬೇಡ ಅಂತಾರೆ. ಥ್ರೆಡ್ ಮೇಲೆ ಲೇಪನ ಮೊದಲೇ ಇರುತ್ತದೆ. ಗ್ರೀಸ್ ಜಾರಿಕೆಯಿಂದ ರೆಂಚ್ 25 ತೋರಿಸಿದರೂ ಪ್ಲಗ್ ಅದಕ್ಕಿಂತ ಬಿಗಿಯಾಗಿರುತ್ತದೆ. ಹೊಸ ಬೂಟ್ ಒಳಗಡೆ ಬಾಯಿಯ ಅಂಚಿಗೆ ಮಾತ್ರ ಒಂಚೂರು ಡೈಎಲೆಕ್ಟ್ರಿಕ್ (ಕರೆಂಟ್ ಹರಿಯದ) ಗ್ರೀಸ್ ಸವರಿದೆ.

ಅದೇ ಸಂಜೆ ಕುಣಿಗಲ್ ಕಡೆ ಹೊರಟೆ. ನೆಲಮಂಗಲ ದಾಟಿದ ಮೇಲೆ ಮೂರನೇ ಗೇರ್, ಪೂರ್ತಿ ಕಾಲು. ಕೆಮ್ಮಿಲ್ಲ. ಎಳೆತ ಒಂದೇ ಸಮ. ಇನ್ನೊಂದು ಸಲ ನೋಡಿದೆ, ಮತ್ತೊಂದು ಸಲ. ಮೂರನೆಯದು ಪರೀಕ್ಷೆಗಲ್ಲ, ಖುಷಿಗೆ.

ಇಲ್ಲಿಗೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ರೀಮ್ಯಾಪ್ ಗೊತ್ತಿರುವ ಗೆಳೆಯನೊಬ್ಬ "ರೀಮ್ಯಾಪ್ ಆಗಿದೆ ಅಂದ್ರೆ ಒಂದು ಸ್ಟೆಪ್ ಕೋಲ್ಡ್ ಹಾಕ್ಲೇಬೇಕು ಮಗಾ" ಅಂದ. ಸಾದಾ ಬಿಕೆಆರ್8ಇ ಅಗ್ಗ, ನೋಡೇ ಬಿಡೋಣ ಅಂತ ತಂದು ಒಂದು ತಿಂಗಳು ಓಡಿಸಿದೆ.

ಕೋಲ್ಡ್ ಅಂದರೆ ಕಿಡಿ ತಣ್ಣಗಿರುತ್ತದೆ ಅಂತಲ್ಲ. ಒಳಗಿನ ಪಿಂಗಾಣಿ ಮೂಗು ಗಿಡ್ಡ ಇದ್ದರೆ ಬಿಸಿ ಬೇಗ ಹೆಡ್‌ಗೆ ಹರಿಯುತ್ತದೆ, ಅದು ಕೋಲ್ಡ್ ಪ್ಲಗ್. ಮೂಗು ಉದ್ದ ಇದ್ದರೆ ಬಿಸಿ ನಿಲ್ಲುತ್ತದೆ, ಹಾಟ್ ಪ್ಲಗ್. ಒಂದು ಅಂಕಿ ಬದಲಾದರೆ ತುದಿಯ ಬಿಸಿಯಲ್ಲಿ 70ರಿಂದ 100 ಡಿಗ್ರಿ ವ್ಯತ್ಯಾಸ. ತುದಿ ಸುಮಾರು 450 ಡಿಗ್ರಿ ದಾಟಿದರೆ ಅದರ ಮೇಲಿನ ಮಸಿ ತಾನೇ ಸುಟ್ಟುಹೋಗುತ್ತದೆ. 850ರ ಆಚೆ ಹೋದರೆ ಕಿಡಿ ಬರುವ ಮೊದಲೇ ಮಿಶ್ರಣ ಆ ಕೆಂಡಕ್ಕೆ ಹೊತ್ತಿಕೊಳ್ಳಬಹುದು. ಟರ್ಬೊದಲ್ಲಿ ಹಾಗಾದರೆ ಪಿಸ್ಟನ್‌ಗೇ ತೂತು. ಹಳೆಯ 6ರ ಪ್ಲಗ್‌ಗಳ ಮೂಗು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಅಂದರೆ ನಾನು ಆ ಮೇಲಿನ ಗಡಿಯ ಕಡೆ ವಾಲಿಕೊಂಡು ಒಂದು ವರ್ಷ ಓಡಿಸಿದ್ದೇನೆ. ಈಗ ಯೋಚಿಸಿದರೆ ಮಿಸ್ಸಿಂಗ್‌ಗಿಂತ ಅದಕ್ಕೇ ಹೆಚ್ಚು ಹೆದರಬೇಕಿತ್ತು.

8 ಹಾಕಿದ ಮೇಲೆ ನನ್ನ ಓಡಾಟ ಏನು? ಬೆಳಿಗ್ಗೆ ಆರು ಕಿಲೋಮೀಟರ್, ಅದರಲ್ಲಿ ಅರ್ಧ ಹೊತ್ತು ಸಿಲ್ಕ್ ಬೋರ್ಡ್‌ನಲ್ಲಿ ನಿಂತೇ ಇರುವುದು. ತುದಿ 450 ಮುಟ್ಟುವ ಹೊತ್ತಿಗೆ ಆಫೀಸ್ ಬಂದಿರುತ್ತದೆ. ಮೂರನೇ ವಾರಕ್ಕೆ ಬೆಳಗಿನ ಸ್ಟಾರ್ಟ್ ನಡುಗತೊಡಗಿತು. ಬಿಚ್ಚಿದರೆ ನಾಲ್ಕೂ ಮೂಗು ಲಾಟೀನ್ ಗಾಜಿನ ಹಾಗೆ ಕಪ್ಪು, ಒಣ ಮಸಿ, ಬೆರಳಿಗೆ ಅಂಟುವಂಥದ್ದು. ಎನ್‌ಜಿಕೆ ಲೆಕ್ಕದಲ್ಲಿ 75ರಿಂದ 100 ಎಚ್‌ಪಿ ಏರಿಸಿದರೆ ಒಂದು ಸ್ಟೆಪ್ ಕೋಲ್ಡ್. ನನ್ನ ರೀಮ್ಯಾಪ್ ಏರಿಸಿದ್ದು ಇಪ್ಪತ್ತು ಚಿಲ್ಲರೆ. ವಾರಕ್ಕೊಮ್ಮೆ ಟ್ರ್ಯಾಕ್‌ಗೆ ಹೋಗುವವರಿಗೆ ಗೆಳೆಯನ ಮಾತು ಸರಿ ಇರಬಹುದು. ಸಿಲ್ಕ್ ಬೋರ್ಡ್‌ನಲ್ಲಿ ನಿಲ್ಲುವವನಿಗೆ ಅಲ್ಲ.

7ರ ಇರಿಡಿಯಂ ವಾಪಸ್ ಹಾಕಿದೆ. ಸಾವಿರ ಕಿಲೋಮೀಟರ್ ಆದ ಮೇಲೆ ಎರಡನೆಯದನ್ನು ಮಾತ್ರ ತೆಗೆದು ನೋಡಿದೆ. ಮೂಗು ತಿಳಿ ಕಂದು, ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ. ಪಿಂಗಾಣಿ ಮೇಲೆ ಗೆರೆ ಇಲ್ಲ. ಎಂಜಿನ್ ಕವರ್ ಒಳಮೈಯಲ್ಲಿ ಪೇಂಟ್ ಮಾರ್ಕರ್‌ನಿಂದ 'ಎನ್‌ಜಿಕೆ 7, 0.7, 72,400 ಕಿ.ಮೀ.' ಅಂತ ಬರೆದಿಟ್ಟೆ, ಮುಂದೆ ಈ ಕಾರು ಯಾರ ಕೈಗೆ ಹೋಗುತ್ತೋ ಅವರಿಗೆ. ಮೆಕ್ಯಾನಿಕ್ ಅಣ್ಣನ ಟಾರ್ಕ್ ರೆಂಚ್ ವಾಪಸ್ ಕೊಟ್ಟಾಯಿತು. ಫೀಲರ್ ಗೇಜ್ ಇನ್ನೂ ನನ್ನ ಹತ್ತಿರವೇ ಇದೆ, ನಿನ್ನೆಯೂ ಕೇಳಿದರು.